ಗೊಟ್ಟಿಗೆರೆಯ ಅಶೋಕವನಕ್ಕೆ ಹೋಗಿ ಬಂದದ್ದು

ಶನಿವಾರ ಮಧ್ಯಾಹ್ನ ಊಟ ಮುಗಿಸಿ, ಮನೆಗೆ ಬೀಗ ಹಾಕಿ, ಹಾಕಿದ ಬೀಗವನ್ನು ಜಗ್ಗಿ ನೋಡಿ, ತಂಗಿ ವಿಮಲೆಯ ಜೊತೆ ಹೊರಟೆ. ಅವಳು ಬಾ ಎಂದು ಬಲವಂತ ಮಾಡಿದ್ದಕ್ಕೆ ಹೊರಟವಳಲ್ಲ. ಎರಡು ತಿಂಗಳಿಂದ ಅವಳು ವಾರವಾರ ಗೊಟ್ಟಿಗೆರೆಗೆ ಹೋಗಿ ಬರುತ್ತಿದ್ದಳು. ಅಲ್ಲೇನು ಮಾಡ್ತೀಯ ಎಂದರೆ, "ಇಂಡೋನೇಷ್ಯಾದ ತೊಗಲುಗೊಂಬೆ ಆಟ ಅಕ್ಕ, ಅದಕ್ಕೆ ಹಾಡ್ತೀನಿ" ಎನ್ನುತ್ತಿದ್ದಳು. ನಾನು ನಂಬಿರಲಿಲ್ಲ.

ನಂಬದಿರಲು ಕಾರಣವಿತ್ತು. ಜಯನಗರದ ನಮ್ಮ ಮನೆಯ ಹಜಾರದಲ್ಲಿ ಎಷ್ಟೋ ಮಕ್ಕಳಿಗೆ ಸಂಗೀತ ಹೇಳಿಕೊಟ್ಟವಳು ವಿಮಲೆ. ಥೈರಾಯ್ಡ್ ಆಪರೇಷನ್ ಆದ ಮೇಲೆ ಅವಳ ದನಿ ಗೊಗ್ಗರಾಯಿತು. ಹಾಡಬಹುದು ಎಂದು ಡಾಕ್ಟರು ಹೇಳಿದರೂ ಇವಳು ಬಾಯಿ ಬಿಡಲಿಲ್ಲ. ಪಾಠ ನಿಂತಿತು. ಶ್ರುತಿಪೆಟ್ಟಿಗೆ ಅಟ್ಟ ಸೇರಿತು. ಮಂಗಳಾರತಿ ಹಾಡನ್ನೂ ನನ್ನ ಬೇಸುರ ಗಂಟಲಿಗೆ ಬಿಟ್ಟುಬಿಟ್ಟಳು. ಅವಳು ಮತ್ತೆ ಒಂದು ಸಾಲು ಹಾಡಲಿ ಎಂದು ನಾನು ಹರಕೆ ಹೊತ್ತಿದ್ದು ಅವಳಿಗೂ ಗೊತ್ತಿಲ್ಲ. ಹೀಗಿರುವಾಗ, ಮನೆಯಲ್ಲಿ ಹಾಡದವಳು ಗೊಟ್ಟಿಗೆರೆಯಲ್ಲಿ ಹಾಡುತ್ತಾಳೆಯೇ?

ಅದರ ಮೇಲೆ ಹೋದ ವಾರ ಬೀರು ಒರೆಸುವಾಗ ಅವಳ ಹಳೆಯ ಕಛೇರಿಗಳ ಕ್ಯಾಸೆಟ್ ಡಬ್ಬಿ ಕಾಣಲಿಲ್ಲ. ಯಾರದೋ ದನಿಯನ್ನು ಕಂಪ್ಯೂಟರಿಗೆ ಕಲಿಸಿ ಏನೇನೋ ಮಾತಾಡಿಸುವ ಸುದ್ದಿಯನ್ನು ದಿನಾ ಓದುತ್ತೇವೆ. ಹೈಸ್ಕೂಲಿನಲ್ಲಿ ಗಣಿತ ಹೇಳಿ, ಪರೀಕ್ಷಾ ಹಾಲಿನಲ್ಲಿ ಕಾವಲು ನಿಂತೇ ಕೂದಲು ಬೆಳ್ಳಗಾದವಳು ನಾನು. ಚೀಟಿ ಇಟ್ಟುಕೊಂಡವರ ಕೈ ನೋಡುವುದಿಲ್ಲ, ಕಣ್ಣು ನೋಡುತ್ತೇನೆ. ವಿಮಲೆಯ ಕಣ್ಣು ಎರಡು ತಿಂಗಳಿಂದ ನನ್ನನ್ನು ತಪ್ಪಿಸುತ್ತಿತ್ತು.

ಬನಶಂಕರಿಯವರೆಗೆ ಮೆಟ್ರೊದಲ್ಲಿ ಹೋಗೋಣ ಎಂದಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಇರುವಾಗ ಮೆಟ್ರೊ ಯಾಕೆ? ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹತ್ತಿರ ಬನಶಂಕರಿ ಬಸ್ಸು ಹತ್ತಿದೆವು. ಕಂಡಕ್ಟರ್ ಆಧಾರ್ ಕಾರ್ಡನ್ನೂ ನನ್ನ ಮುಖವನ್ನೂ ಹೊಂದಿಸಿ ನೋಡಿ ಸೊನ್ನೆ ರೂಪಾಯಿ ಟಿಕೆಟ್ ಹರಿದುಕೊಟ್ಟ. ಅನುಮಾನ ನನ್ನೊಬ್ಬಳ ಸ್ವತ್ತೇನಲ್ಲ ಎಂದು ಸಮಾಧಾನವಾಯಿತು.

ಬನಶಂಕರಿಯಲ್ಲಿ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಆಟಕ್ಕೆ ಮುಂಚೆ ಗೊಂಬೆಗಳಿಗೆ ಎಡೆ ಇಡುತ್ತಾರಂತೆ. ಅದಕ್ಕೆ ಸಾಮಾನು ಬೇಕೆಂದು ವಿಮಲೆ ಗುಡಿಯ ಬೀದಿಯಲ್ಲಿ ಸೇವಂತಿಗೆ, ಬಾಳೆಹಣ್ಣು, ವೀಳ್ಯದೆಲೆ, ಒಂದು ತೆಂಗಿನಕಾಯಿ ಕೊಂಡಳು. ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಮೂಲೆಯ ಅಂಗಡಿಗೆ ಹೋಗಿ ಮೆಲ್ಲಗೆ, "ಒಂದು ಮೊಟ್ಟೆ ಕೊಡಿ" ಎಂದಳು.

"ಏನಂದೆ?" ಎಂದೆ.

"ಎಡೆಗೆ ಅಕ್ಕ. ಅವರ ಪದ್ಧತಿ."

"ಒಂದೇನಾ ಮೇಡಂ?" ಅಂಗಡಿಯವನು ನಮ್ಮಿಬ್ಬರ ಹಣೆಯ ಕುಂಕುಮ ನೋಡಿ ಕೇಳಿದ. "ಆಮ್ಲೆಟ್‌ಗಾದ್ರೆ ಎರಡು ಬೇಕಾಗುತ್ತೆ."

ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ನನ್ನ ತಂಗಿ ಅದನ್ನು ಕಾಗದದಲ್ಲಿ ಸುತ್ತಿ, ಸೆರಗಿನಡಿ ಹಿಡಿದುಕೊಂಡು ಗೊಟ್ಟಿಗೆರೆ ಬಸ್ಸು ಹತ್ತಿದಳು. ಜೆ.ಪಿ. ನಗರ ದಾಟುವವರೆಗೂ ನಾನು ಅವಳ ಜೊತೆ ಮಾತಾಡಲಿಲ್ಲ. ಬನ್ನೇರುಘಟ್ಟ ರಸ್ತೆಗೆ ತಿರುಗಿದ ಮೇಲೆ ಬಸ್ಸು ಮೆಟ್ರೊ ಕಂಬಗಳ ಪಕ್ಕದಲ್ಲಿ ಆಮೆಯ ಹಾಗೆ ತೆವಳಿತು. ಒಂದೊಂದು ಹಳ್ಳ ಬಂದಾಗಲೂ ವಿಮಲೆ ಎರಡೂ ಕೈಯಲ್ಲಿ ಮೊಟ್ಟೆಯನ್ನು ಎತ್ತಿ ಹಿಡಿಯುತ್ತಿದ್ದಳು. ಅದನ್ನು ನೋಡಿ ನಗು ಬಂತು, ಆದರೆ ನಗಲಿಲ್ಲ.

ಗೊಟ್ಟಿಗೆರೆಯಲ್ಲಿ ಇಳಿದು ಒಳರಸ್ತೆಯಲ್ಲಿ ಸ್ವಲ್ಪ ನಡೆದರೆ, ಅಪಾರ್ಟ್‌ಮೆಂಟುಗಳ ನಡುವೆ ಶೀಟು ಹೊದಿಸಿದ ಒಂದು ಹಳೆಯ ಗೋದಾಮು. ಬಾಗಿಲಲ್ಲಿ ನಿಖಿಲ್ ನಿಂತಿದ್ದ. ಚಿಕ್ಕವನಿದ್ದಾಗ ನಮ್ಮ ಹಜಾರದಲ್ಲೇ ಸರಳೆ ವರಸೆ ಕಲಿತವನು. ಈಗ ಮೂವತ್ತು ದಾಟಿದೆ, ಜುಟ್ಟು ಬಿಟ್ಟಿದ್ದಾನೆ, ಕಂಪ್ಯೂಟರು ಕ್ಯಾಮೆರಾ ಕಟ್ಟಿಕೊಂಡು ಕಲೆ ಮಾಡುತ್ತೇನೆ ಎನ್ನುತ್ತಾನೆ. ಜಾವಾ ದ್ವೀಪದಲ್ಲಿ ಎರಡು ವರ್ಷವಿದ್ದು, ಅಲ್ಲಿಂದ ಸುತ್ರಿಸ್ನೊ ಎಂಬ ಗೊಂಬೆಯಾಟದವರನ್ನು ಕರೆತಂದಿದ್ದ. ನಾವು ರಾಯರು ಎನ್ನುವ ಹಾಗೆ ಅಲ್ಲಿ ಪಾಕ್ ಎನ್ನಬೇಕಂತೆ. ಪಾಕ್ ಸುತ್ರಿಸ್ನೊ ಅರವತ್ತರ ಆಸುಪಾಸಿನ ಸಣಕಲು ಮನುಷ್ಯ. ವಿಮಲೆಯ ಕೈಯಿಂದ ಮೊಟ್ಟೆಯನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿ, ಒಡೆದಿಲ್ಲವೆಂದು ನಕ್ಕರು. ನನಗೆ ಲೋಟದಲ್ಲಿ ಏನೋ ಕೊಟ್ಟರು. ಮೂಸಿ ನೋಡಿ ಕುಡಿದೆ. ಶುಂಠಿ ಬೆಲ್ಲದ ಕಷಾಯ, ನಮ್ಮ ಮನೆಯದಕ್ಕಿಂತ ಸಿಹಿ ಜಾಸ್ತಿ.

ಒಳಗೆ ಬಿಳಿ ಪರದೆ ಕಟ್ಟಿದ್ದರು. ಪರದೆಯ ಹಿಂದೆ ಮಂಕರಿ ಬೋರಲು ಹಾಕಿದಂಥ ಕಂಚಿನ ವಾದ್ಯಗಳು, ಬಾಳೆದಿಂಡಿಗೆ ಚುಚ್ಚಿ ನಿಲ್ಲಿಸಿದ ತೊಗಲುಗೊಂಬೆಗಳು, ಒಂದು ಚಾಪೆ, ಚಾಪೆಯ ಮುಂದೆ ಮೈಕು. ಪಕ್ಕದಲ್ಲಿ ನಿಖಿಲನ ಮೇಜು. ಮೇಜಿನ ಮೇಲೆ, ಕಂಪ್ಯೂಟರಿನ ಪಕ್ಕಕ್ಕೆ, ನಮ್ಮ ಮನೆಯ ಕ್ಯಾಸೆಟ್ ಡಬ್ಬಿ.

ಚೀಟಿ ಸಿಕ್ಕಿತು.

"ಇದ್ಯಾಕೆ ಇಲ್ಲಿ?" ನಿಖಿಲನನ್ನು ಕೇಳಿದೆ.

"ಮಿಸ್ಸೇ ಕೊಟ್ಟಿದ್ದು ಆಂಟಿ," ಎಂದ. "ಅವ್ರ ಹಳೇ ವಾಯ್ಸ್‌ನ ಸಿಸ್ಟಂಗೆ ಟ್ರೈನ್ ಮಾಡಿದೀವಿ. ಯಾರಾದ್ರೂ ಬಂದು ಬೆಳಕಲ್ಲಿ ನಿಂತ್ರೆ ಅದು ಅವ್ರನ್ನ ನೋಡ್ಕೊಂಡು ಹಾಡುತ್ತೆ."

"ಮೋಸ ಅಂತಾರೆ ಇದಕ್ಕೆ. ಹುಷಾರಿಲ್ಲದ ಹೆಂಗಸಿನ ಕಂಠ ದೋಚಿದ್ದೀಯ."

"ಅವನನ್ನ ಬೈಬೇಡ ಅಕ್ಕ," ವಿಮಲೆ ಎಂದಳು. "ನಾನೇ ಕೇಳಿದ್ದು. ಪಾಕ್ ನನ್ನನ್ನ ಹಾಡೋಕ್ಕೇ ಕರೆದಿದ್ದು. ನನ್ನ ಈ ಗಂಟಲು ಯಾರಿಗೆ ಬೇಕು? ಹಳೇದೇ ಹಾಡ್ಲಿ ಅಂತ ನಾನೇ ಡಬ್ಬಿ ತಂದ್ಕೊಟ್ಟೆ."

"ಮತ್ತೆ ಹಾಡ್ತೀನಿ ಅಂತ ನನಗೆ ಹೇಳಿದ್ದು?"

ಅವಳು ಚೀಲದಿಂದ ಸೇವಂತಿಗೆ ತೆಗೆದು ಬಿಡಿಸತೊಡಗಿದಳು. ಯಂತ್ರ ಚೆನ್ನಾಗಿ ಹಾಡಿಬಿಟ್ಟರೆ ಇವಳು ಇನ್ನು ಸಾಯುವವರೆಗೆ ಬಾಯಿ ತೆರೆಯುವುದಿಲ್ಲ ಎಂದು ಹೆದರಿದೆ. ಆ ಮೈಕು ಯಾತಕ್ಕೆ ಎಂದು ನಿಖಿಲನನ್ನು ಕೇಳಿದರೆ, "ಮಿಸ್ ಬಂದಾಗೆಲ್ಲ ಅವ್ರಿಗೇ ಅಂತ ಪಾಕ್ ಇಡ್ತಾರೆ ಆಂಟಿ. ಆನ್ ಮಾಡೇ ಇಡ್ತಾರೆ. ಡಬ್ಬಿ ಬಂದ್ಮೇಲೆ ಹಾಡಿ ಅಂತ ಮಾತ್ರ ಒಂದಿನಾನೂ ಕೇಳಿಲ್ಲ" ಎಂದ. ಅದರಲ್ಲೂ ಏನೋ ಉಪಾಯವಿರಬೇಕು ಎಂದುಕೊಂಡೆ.

ಐದು ಗಂಟೆಗೆ ಬಾಗಿಲು ಮುಚ್ಚಿ ಕತ್ತಲು ಮಾಡಿದರು. ಜಯನಗರ, ಜೆ.ಪಿ. ನಗರ ಕಡೆಯ ಜನವೇ ಹೆಚ್ಚು, ಗೋದಾಮು ತುಂಬಿತ್ತು. ವಿಮಲೆ ಪರದೆಯ ಹಿಂದೆ ಚಾಪೆಯ ಮೇಲೆ ಕೂತಳು, ನಾನು ಪರದೆಯ ಮುಂದೆ, ಜನರ ನಡುವೆ ಕೂತೆ. ಎಡೆ ಇಟ್ಟು, ಊದುಬತ್ತಿ ಹಚ್ಚಿ, ಪಾಕ್ ಸುತ್ರಿಸ್ನೊ ಎಲೆಯಾಕಾರದ ಒಂದು ದೊಡ್ಡ ಗೊಂಬೆಯನ್ನು ಪರದೆಯ ಮೇಲೆ ತಿರುಗಿಸಿದರು. ಕಂಚು ಮೊಳಗಿತು. ಮೋಹನ ರಾಗಕ್ಕೆ ಹತ್ತಿರದ್ದು, ಆದರೆ ಮೋಹನವಲ್ಲ. ಕಥೆ ನಮ್ಮ ರಾಮಾಯಣದ್ದೇ. ಉದ್ದ ಮೂಗಿನ, ಕಡ್ಡಿ ಕೈಗಳ ಸೀತೆ ಅಶೋಕವನದಲ್ಲಿ ಒಬ್ಬಳೇ ತಲೆ ಬಗ್ಗಿಸಿ ಕೂತಳು. ಪರದೆಯ ಮುಂದೆ ನೆಲದ ಮೇಲೆ ಗುಂಡಗೆ ಬೆಳಕು ಬಿತ್ತು.

ನಿಖಿಲ್ ಬಂದು ವಿವರಿಸಿದ. "ಯಾರಾದ್ರೂ ಬಂದು ಈ ಬೆಳಕಲ್ಲಿ ನಿಂತ್ಕೊಳಿ. ನಿಮ್ಮ ನೆರಳು ಸೀತೆ ಪಕ್ಕ ಬೀಳುತ್ತೆ. ನೀವು ಬಂದ್ರೇನೇ ಅವಳು ಹಾಡೋದು."

ಯಾರೂ ಏಳಲಿಲ್ಲ. ಸೀತೆ ಕಾದಳು. ಕಂಚು ಅದನ್ನೇ ಮತ್ತೆ ಮತ್ತೆ ನುಡಿಯಿತು.

"ಪ್ಲೀಸ್, ಬನ್ನಿ. ಯಾರಾದ್ರೂ ಸರಿ."

"ಅಲ್ಲಪ್ಪಾ," ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದರು, "ಅಶೋಕವನದಲ್ಲಿ ಸೀತಮ್ಮನ ಹತ್ರ ಹೋಗಿ ನಿಂತೋನು ಯಾರು? ರಾವಣ. ಸಂಜೆ ಹೊತ್ತು ನಾನ್ಯಾಕಪ್ಪ ರಾವಣ ಆಗ್ಲಿ?"

"ಹನುಮಂತನೂ ಹೋಗಿದ್ನಲ್ಲ ಅಂಕಲ್."

"ಹನುಮಂತ ಆಗೋ ಯೋಗ್ಯತೆ ಇಲ್ಲಿ ಯಾರಿಗಿದೆ?"

ಜನ ನಕ್ಕರು, ಆದರೆ ಒಬ್ಬರೂ ಅಲ್ಲಾಡಲಿಲ್ಲ. ನಿಖಿಲನ ಮುಖ ಬೆವರಿತ್ತು. ಜಾವಾದಲ್ಲಿ ಇಂಥದೇ ಆಟಕ್ಕೆ ಜನ ನುಗ್ಗಿ ಬಂದಿದ್ದರಂತೆ. ಇಲ್ಲಿಯವರು ರಾಮಾಯಣವನ್ನು ಹಾಲಿನ ಜೊತೆ ಕುಡಿದವರು, ತಮ್ಮ ನೆರಳು ಎಲ್ಲಿ ಬೀಳಬಾರದು ಎಂದು ಗೊತ್ತಿದ್ದವರು.

ನಾನು ಎದ್ದೆ. ಉಪಕಾರಕ್ಕೆ ಎದ್ದದ್ದಲ್ಲ. ಆ ಯಂತ್ರ ನಿಜವಾಗಿ ನೋಡಿಕೊಂಡು ಹಾಡುತ್ತದೋ, ಟೇಪು ಹಾಕಿ ನಮ್ಮ ಕಿವಿಗೆ ಹೂವಿಡುತ್ತಾರೋ ಪರೀಕ್ಷಿಸಬೇಕಿತ್ತು. ಸೀತೆಯ ಕಾವಲಿಗೆ ರಾಕ್ಷಸಿಯರಿದ್ದರಲ್ಲ, ಕಾವಲಿನ ಕೆಲಸ ನನಗೆ ಹೊಸದೇನೂ ಅಲ್ಲ. ಬೆಳಕಿಗೆ ಕಾಲಿಟ್ಟೆ. ನನ್ನ ತುರುಬು, ಕಂಕುಳಲ್ಲಿನ ಚೀಲ, ಎಲ್ಲ ಸೇರಿ ಒಂದು ಡೊಳ್ಳು ರಾಕ್ಷಸಿ ಪರದೆಯ ಮೇಲೆ ಎದ್ದು ನಿಂತಳು.

ಹಾಡು ಬಂತು.

ನಮ್ಮ ವಿಮಲೆಯದೇ ದನಿ. ಇಪ್ಪತ್ತೈದರ ವಿಮಲೆ, ಜೇನಿನಂಥ ಗಂಟಲು. ಮುಂದೆ ನಡೆದೆ, ದನಿ ಅವಸರ ಮಾಡಿತು. ನಿಂತೆ, ಸ್ವರ ಹಿಡಿದು ನಿಂತಿತು. ಬೆಳಕಿನಾಚೆ ಹೋದೆ, ನಲ್ಲಿ ಮುಚ್ಚಿದ ಹಾಗೆ ನಿಂತಿತು. ಮತ್ತೆ ಬಂದೆ, ಮತ್ತೆ ಶುರುವಾಯಿತು. ಎಲ್ಲೂ ಉಸಿರು ತೆಗೆದುಕೊಳ್ಳುವ ಸದ್ದಿಲ್ಲ. ಯಂತ್ರವೇ, ಅನುಮಾನವಿಲ್ಲ. ಅಲ್ಲಿಗೆ ನನ್ನ ಪರೀಕ್ಷೆ ಮುಗಿದಿತ್ತು, ವಾಪಸ್ಸು ಬಂದು ಕೂರಬಹುದಿತ್ತು. ಕೂರಲಿಲ್ಲ. ಎಷ್ಟು ವರ್ಷವಾಗಿತ್ತು ಆ ದನಿ ಕೇಳಿ. ಕಣ್ಣು ಮುಚ್ಚಿಕೊಂಡು, ಇನ್ನಷ್ಟು ಹಾಡಲಿ ಎಂದು ಆಸೆಯಿಂದ, ನಾಚಿಕೆಯಿಲ್ಲದೆ ನಿಂತೆ.

ಆಗ ಅದರ ಕೆಳಗೆ ಇನ್ನೊಂದು ಸದ್ದು ಸೇರಿಕೊಂಡಿತು. ಮೊದಲು ಮೈಕು ಕೆಟ್ಟಿತೆಂದುಕೊಂಡೆ. ಗರಗರ, ತೊದಲು, ನಡುವೆ ಉಸಿರು. ಆ ದನಿ ಜೇನಿನ ದನಿಯ ಹಿಂದೆ ಸ್ವಲ್ಪ ದೂರ ಎಡವಿಕೊಂಡು ಬಂತು. ಆಮೇಲೆ ಜೇನಿನ ದನಿ ನಿಂತಿತು. ಒಡಕು ದನಿ ಮಾತ್ರ ಉಳಿಯಿತು. ಮೇಲಿನ ಷಡ್ಜಕ್ಕೆ ಏರಲು ಹೋಗಿ ಮುರಿಯಿತು. ಕೆಳಗಿಳಿದು ಮತ್ತೆ ಏರಿತು, ಮತ್ತೆ ಮುರಿಯಿತು. ನಿಜ ಹೇಳುತ್ತೇನೆ, ಮೊದಲು ನನಗೆ ಬೇಜಾರೇ ಆಯಿತು. ಹಳೆಯದು ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು. ಅದಾದ ಮೇಲೆಯೇ ಅದು ಪರದೆಯ ಹಿಂದೆ ಕೂತ ವಿಮಲೆ ಎಂದು ಹೊಳೆದದ್ದು. ಅಲ್ಲೇ ನಿಂತೆ. ಪಾಕ್ ಸುತ್ರಿಸ್ನೊ ಸೀತೆಯನ್ನು ಮೆಲ್ಲಗೆ ಜರುಗಿಸಿ ನನ್ನ ನೆರಳಿಗೆ ಒರಗಿಸಿದರು. ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಾಗಿ ನೋಡಿದರೆ ಆ ಹಿರಿಯರು.

ಮುಗಿದು ಹೊರಗೆ ಬಂದಾಗ ಇನ್ನೂ ಮಸುಕು ಬೆಳಕಿತ್ತು. ಕೆರೆಯ ಕಡೆಯಿಂದ ಗಾಳಿ, ಗಾಳಿಯ ಜೊತೆ ಕೆರೆಯ ವಾಸನೆ. ಬಸ್ಸಿಗೆ ಕಾಯುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಆಟೊದವನು ಜಯನಗರಕ್ಕೆ ಮುನ್ನೂರೈವತ್ತು ಕೇಳಿದ, ಎಂಥ ಮೀಟರಪ್ಪಾ ನಿನ್ನದು ಎಂದು ಜಗಳ ಮಾಡಿ ಮುನ್ನೂರಕ್ಕೆ ಹತ್ತಿದೆ.

ಹುಳಿಮಾವು ಸಿಗ್ನಲ್ಲಿನಲ್ಲಿ ವಿಮಲೆ ಕೇಳಿದಳು. "ಅಕ್ಕ, ಯಾವ್ದು ಚೆನ್ನಾಗಿತ್ತು?"

ಸುಳ್ಳು ಹೇಳಿದರೆ ಅವಳಿಗೆ ಗೊತ್ತಾಗುತ್ತದೆ. "ಹಳೇದು," ಎಂದೆ.

"ಹೂಂ. ನಂಗೂ ಹಾಗೇ ಅನ್ನಿಸ್ತು."

"ಮತ್ತೆ ಕಂಪ್ಯೂಟರಿನ ಹಾಡು ಯಾಕೆ ನಿಲ್ಲಿಸ್ದೆ?"

"ಪರದೆ ಮೇಲೆ ನಿನ್ನ ನೆರಳು ಬಂತಲ್ಲ. ತುರುಬು ನೋಡಿದ ತಕ್ಷಣ ಗೊತ್ತಾಯ್ತು. ನೀನು ಆ ದನಿ ಕೇಳ್ತಾ ಹಾಗೇ ನಿಂತ್ಬಿಟ್ಟೆ. ನಾನು ಇಲ್ಲೇ ಹಿಂದೆ ಕೂತಿದೀನಿ, ಇವಳು ಅದನ್ನ ಕೇಳ್ತಿದಾಳೆ ಅಂತ ಹೊಟ್ಟೆಕಿಚ್ಚಾಯ್ತು ಅಕ್ಕ."

ಸಿಗ್ನಲ್ ಬಿಟ್ಟಿತು. ಆಟೊ ಹೊರಟಿತು.

"ನಾಳೆ ಮಂಗಳಾರತಿಗೆ ನೀನೇ ಹಾಡು," ಎಂದೆ.

"ತಪ್ಪು ಹಿಡೀತೀಯ."

"ಹಿಡೀತೀನಿ."

ಅವಳು ಕಿಟಕಿಯಿಲ್ಲದ ಆಟೊದಲ್ಲಿ ತಲೆ ಹೊರಗೆ ಹಾಕಿ ಒಂದು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡಳು. "ಶ್ರುತಿಪೆಟ್ಟಿಗೆ ಇವತ್ತೇ ಇಳಿಸಿ ಕೊಡು ಮತ್ತೆ," ಎಂದಳು, "ಅಟ್ಟ ಹತ್ತೋಕ್ಕೆ ನನಗಾಗಲ್ಲ."