ಚಿಕ್ಕಜಾಜೂರಿನಿಂದ ತಂದ ಕಲ್ಲಿನ ಬತ್ತಿ

ಬೆಳಿಗ್ಗೆ ಎಂದಿನಂತೆ ಹೊಸಿಲು ತೊಳೆದು, ದೇವರ ದೀಪದ ಕರಕಲು ಬತ್ತಿ ತೆಗೆದು ಹೊಸದು ಹಾಕಿದೆ. ಆಮೇಲೆ ಬುತ್ತಿ ಕಟ್ಟಿಕೊಂಡು ಹೊಳಲ್ಕೆರೆಯಿಂದ ಬಂಡಿ ಹತ್ತಿದೆ. ಚಿಕ್ಕಜಾಜೂರಿಗೆ ಹೋಗಿಬರಲು ಬಾಡಿಗೆ ಎಂಟಾಣೆ. ತಂಗಿ ಗಂಗಮ್ಮನ ಗಂಡ ರುದ್ರಪ್ಪನಿಗೆ ಕೆಮ್ಮು ಬಿಡುತ್ತಿಲ್ಲವೆಂದು ಸುದ್ದಿ ಬಂದಿತ್ತು. ನನ್ನ ಮಡಿಲಲ್ಲಿ ಕಷಾಯದ ಪುಡಿಯ ಗಂಟು.

ದಾರಿಯುದ್ದಕ್ಕೂ ಕೆಂಪು ಧೂಳು. ಹಳ್ಳದ ಬಳಿ ಎತ್ತುಗಳು ನೀರು ಕುಡಿದವು. ನಾನು ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆ. ಸ್ಟೇಷನ್ನಿನ ಆಚೆ ಹತ್ತಿ ಗಿರಣಿಯ ಚಿಮಣಿ ಕಂಡಾಗ ಹೊತ್ತು ನೆತ್ತಿಗೆ ಬಂದಿತ್ತು.

ರುದ್ರಪ್ಪನ ಕೆಲಸ ಆ ಗಿರಣಿ ನಡೆಸುವ ಉಗಿಯಂತ್ರದ ಮನೆಯಲ್ಲಿ. ಶಾಖ ಹೊರಗೆ ಹೋಗದಂತೆ ಬಾಯ್ಲರಿಗೂ ಕೊಳವೆಗಳಿಗೂ ಕಲ್ನಾರು ಸುತ್ತುತ್ತಾನೆ. ನಾನು ಹೋದಾಗ ಹಳೆಯ ಹೊದಿಕೆ ಕೆರೆದು ಕೆಡವುತ್ತಿದ್ದ. ಕಿಟಕಿಯ ಬಿಸಿಲಿನಲ್ಲಿ ಬೆಳ್ಳನೆಯ ಎಳೆಗಳು ತೇಲುತ್ತಿದ್ದವು, ಕೆಳಗಿಳಿಯುತ್ತಲೇ ಇರಲಿಲ್ಲ. ಅವನ ರೆಪ್ಪೆ, ಮೀಸೆಯೆಲ್ಲ ಬಿಳಿ.

"ನೋಡ್ರಿ ಅಕ್ಕ, ಇದು ಕಲ್ಲು. ಹತ್ತಿ ಹಂಗೆ ಬಿಡಿಸ್ಬೋದು," ಎಂದು ಒಂದು ಚೂರು ಕೈಗಿತ್ತ. ಚಿಕ್ಕಂದಿನಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ಕಸೂತಿಗೆ ಕೊಡುತ್ತಿದ್ದ ರೇಷ್ಮೆಗಿಂತ ನಯವಾಗಿತ್ತು.

ಮನೆಯಲ್ಲಿ ಇನ್ನೊಂದು ಸೋಜಿಗ. ಗಂಗಮ್ಮ ದಿನವೂ ಅವನ ಅಂಗಿಯನ್ನು ಮೊರದ ಮೇಲೆ ಕೊಡವಿ, ಬಿದ್ದ ಎಳೆಗಳನ್ನು ಹೊಸೆದು ದೇವರಿಗೆ ಬತ್ತಿ ಮಾಡುತ್ತಾಳೆ. ಎಣ್ಣೆ ತೀರುತ್ತದೆ, ಬತ್ತಿ ಸುಡುವುದಿಲ್ಲ. ಕೇರಿಯ ಹೆಂಗಸರೆಲ್ಲ ಬೇಡಿ ಒಯ್ಯುತ್ತಾರಂತೆ. ಹೇಳುತ್ತ ಹೇಳುತ್ತ ಅವಳೂ ಎರಡು ಸಲ ಕೆಮ್ಮಿದಳು.

ಈ ಧೂಳಿನಿಂದಲೇ ಇರಬಹುದು, ಬೇರೆ ಕೆಲಸ ನೋಡಬಾರದೇ ಎಂದು ಊಟದ ಹೊತ್ತಿಗೆ ರುದ್ರಪ್ಪನನ್ನು ಕೇಳಿದೆ. ಸೌದೆ ಹೊಗೆಗೆ ಬಂದ ಕೆಮ್ಮು ಎಂದು ನಕ್ಕ. ಮೊದಲಿದ್ದ ಮೇಸ್ತ್ರಿಯೂ ಹೀಗೇ ಕೆಮ್ಮುತ್ತ ಕೆಲಸ ಬಿಟ್ಟು ಊರಿಗೆ ಹೋದನೆಂದು ಗಂಗಮ್ಮ ಮೆಲ್ಲಗೆ ಅಂದಳು.

"ಸುಮ್ಕಿರೇ. ಬಾಯ್ಲರ್ ಸುತ್ತಾಕೆ ನನ್ ಬಿಟ್ರೆ ಇಲ್ಲಿ ಯಾರಿಗೂ ಬರಲ್ಲ ಅಕ್ಕ. ನಿಮ್ಮ ಕಷಾಯ ಐತಲ್ಲ, ವಾಸಿ ಆಗ್ತೀನಿ ಬಿಡ್ರಿ."

ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಲು ಹೇಳಿದೆ. ತಲೆಯಾಡಿಸಿದ, ಬಟ್ಟೆ ಕಟ್ಟದೆಯೇ ಗಿರಣಿಗೆ ಹೋದ. ನಾನು ಹೊರಡುವಾಗ ಗಂಗಮ್ಮ ನಾಲ್ಕು ಬತ್ತಿಗಳನ್ನು ಎಲೆಯಲ್ಲಿ ಸುತ್ತಿಕೊಟ್ಟಳು.

ಸಂಜೆ ಮನೆ ಸೇರಿ ಒಲೆ ಹಚ್ಚಿದ ಮೇಲೆ ಪಕ್ಕದ ಮನೆಯ ಸಿದ್ದಮ್ಮ ಒಲೆಗೆ ಕೆಂಡ ಕೇಳಲು ಬಂದಳು. ಬತ್ತಿಯ ಸಂಗತಿ ನಂಬಲಿಲ್ಲ. ಒಂದನ್ನು ಚಿಮಟದಲ್ಲಿ ಹಿಡಿದು ಒಲೆಯೊಳಗಿಟ್ಟಳು. ಅದು ಕೆಂಪಗೆ ಕಾದಿತು. ಹೊರತೆಗೆದು ಆರಿದ ಮೇಲೆ ಮತ್ತೆ ಬೆಳ್ಳಗೆ ಇದ್ದ ಹಾಗೇ ಇತ್ತು. ರುದ್ರಪ್ಪನ ಮೈಮೇಲಿನ ಧೂಳು, ಕೆಮ್ಮು, ಕೊಟ್ಟುಬಂದ ಕಷಾಯ ಎಲ್ಲ ಹೇಳಿದೆ.

ಸಿದ್ದಮ್ಮ ಒಡೆದ ಮಡಕೆಯ ಬೋಕಿಗೆ ಕೆಂಡ ತುಂಬಿಕೊಳ್ಳುತ್ತ, "ಬೆಂಕೀಲೇ ಹೋಗದ್ದು ನಿಮ್ ಕಷಾಯಕ್ಕೆ ಹೋಗ್ತೈತೇನ್ರಿ," ಎಂದು ಅಂಗಳ ದಾಟಿದಳು.