ಅವ್ವನ ಬಲಗೈ ಮತ್ತು ಇಂಡೀ ಗೇಮುಗಳು

ಇಂಡೀ ಗೇಮು ಮಾಡುವವರ ಮೇಲೆ ನನಗಿರುವ ಸಿಟ್ಟು ಸುಮ್ಮನೆ ಬಂದದ್ದಲ್ಲ. ದೊಡ್ಡ ಕಂಪನಿಯ ಹಂಗಿಲ್ಲದೆ ಮೂರ್ನಾಲ್ಕು ಜನ ಒಂದು ಕೋಣೆಯಲ್ಲಿ ಕೂತು ಮಾಡಿದ ಆಟ ಎಂದರೆ ಸಾಕು, ಮೊದಲೆಲ್ಲ ಕಣ್ಣು ಮುಚ್ಚಿಕೊಂಡು ಹೊಗಳುತ್ತಿದ್ದೆ. ಸೇಲಂನಲ್ಲಿ ಕೆಲಸ ಮುಗಿಸಿ, ಎಡಪ್ಪಾಡಿಯಲ್ಲಿ ಬಸ್ಸಿಳಿದು ಮನೆಗೆ ಬಂದವಳೇ ಕಂಟ್ರೋಲರ್ ಹಿಡಿದು ಕೂರುತ್ತಿದ್ದವಳು ನಾನು. ಅವ್ವನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋದ ಮೇಲೆ ಅವೇ ಆಟಗಳನ್ನು ಅವಳ ಪಕ್ಕದಲ್ಲಿ ಕೂತು ನೋಡಬೇಕಾಯಿತು. ನೋಡಿ ಮೈಯೆಲ್ಲ ಉರಿದುಹೋಯಿತು.

ಅವ್ವ ಕೈಮಗ್ಗದವಳು. ಬಲಗೈಯಲ್ಲಿ ಹಗ್ಗ ಎಳೆದು ಲಾಳಿ ಓಡಿಸಿಯೇ ಜೀವಮಾನ ಕಳೆದವಳು. ಕೈ ಬರದಿದ್ದರೆ ಮಗ್ಗ ಬಿಚ್ಚಿಸಬೇಕಿತ್ತು, ಆ ಮಾತು ಬಂದರೆ ಸಾಕು ಅವ್ವ ಎದ್ದು ಅಡಿಗೆಮನೆಗೆ ಹೋಗಿಬಿಡುತ್ತಿದ್ದಳು. ಬೆರಳುಗಳನ್ನು ಆಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಮರಗಟ್ಟುತ್ತವೆ ಎಂದು ಡಾಕ್ಟರು ಹೇಳಿದ್ದರು. ಹಿಚುಕಲು ಒಂದು ರಬ್ಬರ್ ಚೆಂಡನ್ನೂ ಕೊಟ್ಟಿದ್ದರು. ಅವ್ವ ಅದನ್ನು ಎಡಗೈಯಲ್ಲಿ ಎತ್ತಿ ಅಂಗಳಕ್ಕೆ ಎಸೆದಳು.

"ಚೆಂಡು ಇಚುಕ್ಕೊಂಡು ಕೂತ್ಕಳಕ್ಕೆ ನಾನೇನು ಕೂಸಾ? ತಗೊಂಡೋಗೇ ಅತ್ಲಾಗೆ."

ಅದಕ್ಕೇ ಕಂಟ್ರೋಲರ್ ಕೊಟ್ಟೆ. ಅದು ನನ್ನದು ಎಂಬ ಮರ್ಯಾದೆಗೋ ಏನೋ, ಅದನ್ನು ಎಸೆಯಲಿಲ್ಲ.

ಮೊದಲು ಹಾಕಿದ್ದು ಪಾಳುಕೋಟೆಯಲ್ಲಿ ಕತ್ತಿ ಬೀಸುವ ಆಟ. ಕಷ್ಟವಾಗಿರುವುದನ್ನೇ ದೊಡ್ಡಸ್ತಿಕೆ ಮಾಡಿಕೊಂಡ ಆಟ ಅದು. ಸತ್ತರೆ ಕೋಟೆಬಾಗಿಲಿನಿಂದ ಮತ್ತೆ ಶುರು. ಅವ್ವನೋ, ಮಗ್ಗದ ಲಯ ಬಿಟ್ಟು ಬೇರೆ ಲಯ ಕಂಡವಳಲ್ಲ. ಮಗ್ಗದ ಮೆಟ್ಟು ತುಳಿದಂತೆ ಕಾಲು ನೆಲಕ್ಕೆ ಒತ್ತುವುದು, ಬಟನ್ ಅದುಮುವುದು, ಕಾಲು ಬದಲಿಸುವುದು, ಮತ್ತೆ ಅದುಮುವುದು. ರಾಕ್ಷಸ ಎದುರಿಗಿರಲಿ ಬೆನ್ನಿಗಿರಲಿ, ಕತ್ತಿ ಅದರ ಪಾಡಿಗೆ ಅದು ಬೀಸುತ್ತಿತ್ತು. ಪ್ರತಿ ಸಲವೂ ಸತ್ತಳು. ಸತ್ತಾಗಲೆಲ್ಲ ಒಂದು ತಲೆಬುರುಡೆ ನಕ್ಕು, ನೀನು ಈ ಕತ್ತಿಗೆ ಲಾಯಕ್ಕಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತಿತ್ತು.

"ಏನ್ ಬರ್ದವ್ನೆ?" ಎಂದಳು ಅವ್ವ.

"ಇನ್ನೊಂದ್ಸಲ ಆಡು ಅಂತ."

"ಸುಳ್ಳು ಬೊಗಳ್ಬ್ಯಾಡ. ಅವ್ನ ಅಲ್ಲು ನೋಡಿದ್ರೇ ಗೊತ್ತಾಯ್ತದೆ."

ಎರಡನೆಯದು ದೋಣಿಯದು. ಸಾಹಸದ ಆಟವಂತೆ. ಒಬ್ಬ ಹುಡುಗಿ ಅಮ್ಮನ ಬೂದಿ ಹೊತ್ತುಕೊಂಡು ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾಳೆ, ಹಿಂದೆ ಪಿಟೀಲು ಅಳುತ್ತದೆ. ಇದನ್ನಾಡಿ ಗೊಳೋ ಎಂದು ಅತ್ತವರು ಬರೆದದ್ದನ್ನು ಓದಿಯೇ ನಾನು ಕೊಂಡಿದ್ದು. ಈ ಇಂಡೀ ಗೇಮಿನವರಿಗೆ ಅಮ್ಮಂದಿರು ಸಾಯದೆ ಕಥೆಯೇ ಹುಟ್ಟುವುದಿಲ್ಲ. ಬದುಕಿರುವ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡಿ ನೋಡಲಿ, ಆಗ ತಿಳಿಯುತ್ತದೆ. ಸಾಲದ್ದಕ್ಕೆ ಎಡಗಡೆಯ ಸ್ಟಿಕ್ ಮುಂದಕ್ಕೆ ತಳ್ಳುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲ.

"ಸತ್ತೋಳ ಕೈಗೂ ಕೆಲ್ಸ ಇಲ್ಲ, ನನ್ ಕೈಗೂ ಕೆಲ್ಸ ಇಲ್ಲ" ಎಂದಳು ಅವ್ವ. "ಪೋದುಂ, ಸಾಕು, ಆಫ್ ಮಾಡು."

ಆಮೇಲೊಂದು ಕಾಡಿನ ಆಟ. ಎಲ್ಲವೂ ಕತ್ತಲು, ಅಕ್ಷರಗಳು ಇರುವೆಯಷ್ಟು. ಕತ್ತಲು ಮಾಡಿಬಿಟ್ಟರೆ ಅದೇ ಕಲೆ ಎಂದುಕೊಂಡ ಪುಣ್ಯಾತ್ಮರು ಯಾರೋ ಮಾಡಿದ್ದು. ಕರೆಂಟು ಹೋದರೆ ಇದೆಲ್ಲ ಬಿಟ್ಟಿ ಸಿಗುತ್ತದಲ್ಲ, ಟಿವಿ ಯಾಕೆ ಎಂದು ಅವ್ವ ಕೇಳಿದಳು.

ನಾಲ್ಕನೆಯದರ ಮೇಲೆ ನಿಜಕ್ಕೂ ಆಸೆ ಇಟ್ಟಿದ್ದೆ. ಬೆಟ್ಟ ಹತ್ತುವ ಆಟ. ಬಲಗೈ ಬೆರಳಿನಿಂದ ಟ್ರಿಗರ್ ಒತ್ತಿ ಹಿಡಿದಿರುವವರೆಗೆ ಹುಡುಗಿ ಹಗ್ಗ ಬಿಡುವುದಿಲ್ಲ, ಎಡಗೈ ಅವಳನ್ನು ಮೇಲೆ ಹತ್ತಿಸಬೇಕು. ಅವ್ವನ ಕೈಗೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಬೆರಳು ನಿಲ್ಲಲಿಲ್ಲ. ಹುಡುಗಿ ನಾಲ್ಕು ಮಾರು ಹತ್ತುತ್ತಿದ್ದಳು, ಜಾರಿ ಬುಡಕ್ಕೆ ಬೀಳುತ್ತಿದ್ದಳು. ಬೀಳದ ಹಾಗೆ ಮಾಡುವ ಸೌಕರ್ಯ ಮೆನುವಿನಲ್ಲಿತ್ತು. ಒತ್ತಿದರೆ ಮೊದಲು ಒಂದು ಉಪದೇಶ: ಶ್ರಮಪಡದೆ ಹತ್ತಿದವರಿಗೆ ಶಿಖರದ ಅರ್ಥ ತಿಳಿಯದು, ಆದರೂ ನಿಮ್ಮಿಷ್ಟ. ಕೈಕಾಲು ನೆಟ್ಟಗಿರುವ ಯಾವನೋ ಕುರ್ಚಿಯಲ್ಲಿ ಕೂತು ಇದನ್ನು ಬರೆದಿರಬೇಕು. ಅವನಿಗೆ ಊರಿನ ತಮಿಳಿನಲ್ಲೊಂದು ಸುತ್ತು, ಮನೆಯ ಕನ್ನಡದಲ್ಲೊಂದು ಸುತ್ತು ಬೈದೆ.

ಬೈದೆನೇ ಹೊರತು ಆ ಸೌಕರ್ಯವನ್ನು ನಾನೂ ಹಾಕಲಿಲ್ಲ. ಬೆರಳಿಗೆ ಕೆಲಸ ಬೇಕಲ್ಲ.

"ಆಕು ಅದನ್ನ. ಆ ಉಡುಗಿ ಬಿದ್ದು ಬಿದ್ದು ಸಾಯ್ತಾ ಅವ್ಳೆ, ಪಾವಂ."

"ನಿನ್ ಬೆರಳು ಇಡ್ಕಂಡ್ರೆ ಬೀಳಲ್ಲ."

"ನಿನ್ ಕೈ ನೆಟ್ಟಗೈತೆ. ನೀನು ಏನ್ ಬೇಕಾದ್ರೂ ಯೋಳ್ತೀಯ."

"ಅಂಗಾದ್ರೆ ಮಗ್ಗ ಬಿಚ್ಚಿ ಕೊಟ್ಬಿಡಾಣ" ಎಂದೆ. ಅವ್ವ ಅವತ್ತು ನನ್ನ ಕೈಯ ಊಟ ಮುಟ್ಟಲಿಲ್ಲ.

ಮಾರನೆಯ ಸಂಜೆ ಕೆಲಸದಿಂದ ಬಂದು ನೋಡುತ್ತೇನೆ, ಟಿವಿಯಲ್ಲಿ ಆ ಹುಡುಗಿ ಬೆಟ್ಟದ ನೆತ್ತಿಯ ಮೇಲೆ ನಿಂತಿದ್ದಾಳೆ. ಸುತ್ತ ಮೋಡ, ಕೈಯಲ್ಲಿ ಬಾವುಟ. ಅವ್ವ ಗೋಡೆಗೆ ಒರಗಿಕೊಂಡು ಕಾಫಿ ಕುಡಿಯುತ್ತಿದ್ದಳು.

"ಅವ್ವಾ, ಬೆರಳು ನಿಲ್ತಾ?"

ಕಂಟ್ರೋಲರ್ ಎತ್ತಿ ನೋಡಿದೆ. ಬಲಗಡೆಯ ಟ್ರಿಗರನ್ನು ಒಳಕ್ಕೆ ಒತ್ತಿ, ಹತ್ತಿನೂಲನ್ನು ಸುತ್ತು ಸುತ್ತಿ ಬಿಗಿದು ಕಟ್ಟಿದ್ದಳು. ಹಗ್ಗ ಹಿಡಿದಿದ್ದದ್ದು ನೂಲು, ಬೆರಳಲ್ಲ. ಇಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೇ ನೆತ್ತಿಗೇರಿತು.

"ಥೂ, ಇದು ಮೋಸ. ಇಂಗ್ ಮಾಡಿದ್ರೆ ಕೈ ಯಾವಾಗ್ ಬರ್ತದೆ?"

"ಯಾವನಿಗೆ ಮೋಸ? ಬೀಳೋಳ್ನ ಬೀಳ್ದಂಗೆ ಕಟ್ಟಿವ್ನಿ. ನೀನಂತೂ ಕಟ್ಲಿಲ್ಲ."

ಅವಳಿಗೆ ಬೈಯುತ್ತಲೇ ನೂಲನ್ನು ಬಿಚ್ಚಲು ಉಗುರು ಹಾಕಿದೆ. ಬರಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ಸಾಸಿವೆಯಷ್ಟು ಗಂಟು. ಮಗ್ಗದಲ್ಲಿ ಎಳೆ ಕಿತ್ತುಹೋದಾಗ ನಮ್ಮವರು ಹಾಕುವ ಗಂಟು ಅದು. ಎಡಗೈಯ ಎರಡು ಬೆರಳ ನಡುವೆ ಎರಡೂ ತುದಿಗಳನ್ನು ಅಡ್ಡಡ್ಡ ಹಿಡಿದು, ಬಲಗೈ ಬೆರಳಿನಿಂದ ಒಂದು ಎಳೆಯನ್ನು ಸುತ್ತಿ ತಂದು ನುಸುಳಿಸಿ ಎಳೆಯಬೇಕು. ಒಂದೇ ಕೈಯಲ್ಲಿ ಅದನ್ನು ಹಾಕಿದವರನ್ನು ನಮ್ಮ ಬೀದಿಯಲ್ಲಿ ನಾನು ಕಂಡಿಲ್ಲ.

"ಯಾರು ಬಂದಿದ್ರು ಮನೆಗೆ?" ಎಂದೆ.

"ಯಾರ್ ಬತ್ತಾರೆ? ಬೆಳಿಗ್ಗಿಂದ ನಾನೊಬ್ಳೇ."

"ಮತ್ತೆ ಈ ಗಂಟು?"

"ನಾನೇ ಆಕ್ದೆ."

"ಯಾವ್ ಕೈಲಿ?"

"ಯಾವ್ ಕೈಲಿ ಅಂದ್ರೆ? ಗಂಟು ಎಂಗಾಕ್ತಾರೋ ಅಂಗೆ" ಎಂದು ಅವ್ವ ರೇಗಿದಳು. ಆಮೇಲೆ ಕಾಫಿ ಲೋಟ ಕೆಳಗಿಟ್ಟು ಬಲಗೈಯನ್ನು ಮಡಿಲಿಗೆ ಎಳೆದುಕೊಂಡು ನೋಡಿದಳು. ಅದು ಬೇರೆ ಯಾರದೋ ಕೈ ಎನ್ನುವ ಹಾಗೆ ನೋಡಿದಳು.

ನನಗೆ ಅಳು ತಡೆಯಲಾಗಲಿಲ್ಲ. ಕಂಟ್ರೋಲರನ್ನು ಬಾಯಿಗೆ ತಂದು ನೂಲನ್ನು ಹಲ್ಲಿನಿಂದ ಕಡಿದು ಅವಳ ಮುಂದಿಟ್ಟೆ.

"ಯಾಕೇ ಕಿತ್ತೆ, ಮೂದೇವಿ?" ಎಂದು ಬೈಯುತ್ತಲೇ ಅವ್ವ ಕಿತ್ತ ತುದಿಗಳಿಗೆ ಎರಡೂ ಕೈ ಚಾಚಿದಳು.