ನಮ್ಮ ಕೂಸಿಗೆ ಹುಡುಕಿದ ಜೋಡಿ

ಶಿಶುಕೇಂದ್ರ ಮುಚ್ಚುವ ಮಾತು ಬಂದದ್ದು ಕೇಂದ್ರದ ತಪ್ಪಿನಿಂದಲ್ಲ. ನಾವು ಹೆಂಗಸರು ಸುಳ್ಳು ಹೇಳಿದ್ದರಿಂದ. ಮೊದಲು ಹೇಳಿದವಳು ನಾನೇ.

ಶಿಗ್ಗಾಂವಿ ತಾಲ್ಲೂಕಿನ ನಮ್ಮೂರಲ್ಲಿ ಒಂದು ಸಂಸ್ಥೆಯವರು ಆ ಕೇಂದ್ರ ನಡೆಸುತ್ತಾರೆ. ಹಗಲೆಲ್ಲ ಕೂಸುಗಳನ್ನು ಇಟ್ಟುಕೊಂಡು ಎರಡು ಹೊತ್ತು ಉಣಿಸುತ್ತಾರೆ. ನನ್ನ ಸೊಸೆ ಬೆಳಗಿನ ಬಸ್ಸಿಗೆ ಸವಣೂರಿಗೆ ಹೋಗಿ ಖಾರದ ತಿಂಡಿ ಮಾಡುವವರ ಹತ್ತಿರ ದುಡಿಯುತ್ತಾಳೆ, ನಾನು ಕಳೆ ತೆಗೆಯಲು ಹೋಗುತ್ತೇನೆ. ಕೇಂದ್ರ ಮುಚ್ಚಿದರೆ ಮೊಮ್ಮಗಳನ್ನು ಹಿಡಿದುಕೊಂಡು ಇಬ್ಬರಲ್ಲಿ ಒಬ್ಬರು ಮನೆಯಲ್ಲಿ ಕೂರಬೇಕು.

ಕೇಂದ್ರದಿಂದ ಉಪಯೋಗವಾಗಿದೆಯೋ ಇಲ್ಲವೋ ನೋಡಲು ಧಾರವಾಡದ ಕಡೆಯಿಂದ ಒಬ್ಬ ಹುಡುಗಿ ಬಂದಳು. ಹಾನಗಲ್ಲ, ಹಿರೇಕೆರೂರು ಕಡೆ ಕೇಂದ್ರವಿಲ್ಲದ ಊರುಗಳನ್ನು ಸುತ್ತಿ, ನಮ್ಮ ಒಂದೊಂದು ಕೂಸಿಗೂ ಅದರಂಥದೇ ಇನ್ನೊಂದು ಕೂಸನ್ನು ಹುಡುಕುವುದು ಅವಳ ಕೆಲಸ. ವಯಸ್ಸು, ಹೊಲ, ಮನೆಯ ಮಾಡು, ತಾಯಿ ಕಲಿತ ಇಯತ್ತೆ, ಮೊದಲು ಕೂಸು ಹೇಗಿತ್ತು, ಎಲ್ಲ ಕೂಡಿಬರಬೇಕು. ಆಮೇಲೆ ಎರಡನ್ನೂ ತೂಗಿದಾಗ ನಮ್ಮದು ಎಷ್ಟು ಹೆಚ್ಚಿಗೆ ಬರುತ್ತದೋ ಅಷ್ಟು ಕೇಂದ್ರದ ಗುಣವಂತೆ. ಚೀಟಿ ಎತ್ತಿ ಕೆಲವರನ್ನು ಸೇರಿಸಿ, ಕೆಲವರನ್ನು ಬಿಟ್ಟು ನೋಡಬಹುದಿತ್ತಲ್ಲ ಎಂದೆ. ಹಾಗೆ ಮಾಡಿದ್ದರೆ ಚಲೋ ಇತ್ತು, ಆದರೆ ತಾನು ಬರುವ ಮೊದಲೇ ಕೇಂದ್ರ ತೆರೆದಿತ್ತು ಎಂದಳು.

ಸೇರಿಸುವಾಗ ಕೂಸು ಹೇಗಿತ್ತು ಎಂದು ಕೇಳಿದಳು.

“ಚಲೋ ಇತ್ತವಾ” ಎಂದೆ.

ಎಲ್ಲಿಯ ಚಲೋ. ಹೊಟ್ಟೆ ಮುಂದೆ ಬಂದು ಕೈಕಾಲು ಕಡ್ಡಿಯಾಗಿದ್ದವು. ಆದರೆ ಕಟ್ಟೆಯ ಮೇಲೆ ನಾಲ್ಕು ಮಂದಿ ಕೇಳುತ್ತ ಕೂತಿರುವಾಗ, ಪರವೂರಿನ ಹುಡುಗಿಯ ಮುಂದೆ, ನಮ್ಮ ಮನೆಯ ಕೂಸು ಸೊರಗಿತ್ತು ಎಂದು ಯಾವ ಅಜ್ಜಿ ಹೇಳುತ್ತಾಳೆ? ನಾನು ಹಾಗೆಂದ ಮೇಲೆ ಬಾಜೂ ಮನೆಯವಳೂ ಹಾಗೇ ಅಂದಳು, ಅವಳ ನೆಗೆಣ್ಣಿಯೂ ಅಂದಳು. ಕೇಂದ್ರಕ್ಕೆ ತೂಕದ ಯಂತ್ರ ಬಂದದ್ದೇ ಎಷ್ಟೋ ತಿಂಗಳ ಮೇಲೆ. ಹಾಗಾಗಿ ನಮ್ಮ ಬಾಯಿಮಾತನ್ನೇ ಬರೆದುಕೊಂಡಳು.

ಮೊಮ್ಮಗಳಿಗೆ ಹಂಸಭಾವಿಯ ಕಡೆಯ ಒಂದು ಕೂಸು ಜೋಡಿಯಾಯಿತು. ಅವರೂ ಚಲೋ ಇತ್ತು ಎಂದೇ ಬರೆಸಿದ್ದರು, ಆದರೆ ಅದು ನಿಜವಾಗಿಯೂ ಚಲೋ ಇದ್ದ ಕೂಸು. ಈಗ ತೂಗಿದರೆ ಎರಡೂ ಹೆಚ್ಚುಕಡಿಮೆ ಒಂದೇ; ನಮ್ಮದು ಎಷ್ಟು ಕೆಳಗಿನಿಂದ ಮೇಲೆ ಬಂತು ಎಂಬುದು ಲೆಕ್ಕಕ್ಕೇ ಬರಲಿಲ್ಲ. ಉಳಿದ ಜೋಡಿಗಳದೂ ಇದೇ ಕತೆ. ಕೇಂದ್ರದಿಂದ ಏನೂ ಆಗಿಲ್ಲ ಎಂದು ಲೆಕ್ಕ ಬಂದಿದೆ, ಮುಚ್ಚುವ ವಿಚಾರ ನಡೆದಿದೆ ಎಂದು ಹುಡುಗಿ ಮನೆಗೆ ಬಂದು ಹೇಳಿದಳು.

ನನಗೆ ಮೈಯೆಲ್ಲ ಉರಿಯಿತು. ಕೇಂದ್ರದಲ್ಲಿ ಜಾಗ ಕಡಿಮೆಯೆಂದು ಊರಿನ ಸೊರಗಿದ ಕೂಸುಗಳನ್ನೇ ಆರಿಸಿ ಕಳಿಸಿದ್ದೆವು. ಗಟ್ಟಿಯಿದ್ದವು ಮನೆಯಲ್ಲೇ ಉಳಿದಿದ್ದವು. ಮನೆಯ ಮಾಡು ಹೆಂಚಿನದೋ ತಗಡಿನದೋ ಎಂದು ಕತ್ತೆತ್ತಿ ನೋಡಿ ಬರೆದುಕೊಂಡವಳಿಗೆ ಇದೊಂದು ಕೇಳಲು ಏನಾಗಿತ್ತು?

“ಯಾವ ಕೂಸು ಕಳಸಬೇಕಂತ ಹೆಂಗ ಆರಿಸಿದ್ರಿ ಅಂತ ಕೇಳಿದ್ಯೇನ ತಂಗಿ?”

“ಕೇಳಲಿಲ್ರಿ ಅಜ್ಜಿ. ನೀವು ಚಲೋ ಇತ್ತು ಅಂದ್ರಿ, ನಾ ನಂಬಿದ್ನಿ.”

ಒಳಗಿನಿಂದ ಸೊಸೆ ಅಂದಳು: “ಮರ್ಯಾದಿ ಉಳೀತಲ್ರಿ ಅತ್ತಿ. ನಾಳಿಂದ ಕೂಸಿಗೆ ಅದನ್ನ ಕಲಸಿ ಉಣಸ್ರಿ.”

ಹಾಗಾದರೆ ಈಗ ತಿದ್ದಿಕೋ ಎಂದೆ. ಲೆಕ್ಕ ಬಂದ ಮೇಲೆ ಮಾತು ಬದಲಿಸಿದರೆ ಯಾರೂ ನಂಬುವುದಿಲ್ಲ, ಸೇರಿಸುವ ಹೊತ್ತಿನಲ್ಲೇ ಬರೆದಿಟ್ಟ ಕಾಗದ ಬೇಕು ಎಂದಳು. ಅದಿದ್ದರೆ ಅಂಥದೇ ಸೊರಗಿದ್ದ ಕೂಸುಗಳನ್ನು ಹುಡುಕಿ ಮತ್ತೆ ಜೋಡಿ ಹಾಕಿ ನೋಡುತ್ತಾಳಂತೆ, ಏನು ಬರುತ್ತದೋ ಬರಲಿ ಅಂದಳು. ಮಾತು ಬದಲಿಸಿದರೆ ನಂಬುವುದಿಲ್ಲ ಅಂದದ್ದು ಸರಿಯೇ. ನಾನಾದರೂ ನಂಬುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕಳೆಗೆ ಹೋಗಲಿಲ್ಲ. ಬೀಗರ ಕಣ್ಣಿಗೆ ಬೀಳಬಾರದೆಂದು ಟ್ರಂಕಿನ ತಳದಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟಿದ್ದ ದವಾಖಾನೆಯ ಚೀಟಿ ತೆಗೆದೆ. ಕೇಂದ್ರಕ್ಕೆ ಸೇರಿಸುವ ಹಿಂದಿನ ವಾರದ್ದು. ಕೂಸಿನ ತೂಕ ಅದರಲ್ಲಿ ಬರೆದಿತ್ತು. ಕಟ್ಟೆಯ ಮೇಲೆ ಕೂತವರಿಗೆಲ್ಲ ಕಾಣುವಂತೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಬಾಜೂ ಮನೆಯ ಬಾಗಿಲು ಬಡಿದು, ನಿನ್ನ ಕೂಸಿನ ಚೀಟಿಯನ್ನೂ ಹೊರಗೆ ತೆಗಿ ಎಂದೆ.